ಕ್ಯಾಲಿಫೋರ್ನಿಯಾದಲ್ಲಿ ಮೊದಲ ಕಾರು: ಯಾವ ಇನ್ಶೂರೆನ್ಸ್ ತಗೊಳ್ಳಲಿ ಎಂದು ಕೇಳಿದ ತಮ್ಮನಿಗೆ

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿ ಓದಿದೆ. ದಾವಣಗೆರೆಯಿಂದ ಸನ್ನಿವೇಲ್‌ಗೆ ಬಂದು ಎರಡು ತಿಂಗಳಾಗಿದೆ. ಟೆಕ್ಸಾಸ್‌ಗೆ ಹೊರಟಿರುವ ನಮ್ಮವರೊಬ್ಬರಿಂದ 2013ರ ಕೊರೊಲಾ ಕಾರನ್ನು 8,500 ಡಾಲರ್‌ಗೆ, ಸಾಲ ಮಾಡದೆ ಕೊಳ್ಳುತ್ತಿದ್ದೀರಿ. ಶನಿವಾರ ಕಾರು ಕೈಗೆ ಬರುತ್ತದೆ. ಏಜೆಂಟ್ ಮೂರು ಕೊಟೇಶನ್ ಕೊಟ್ಟಿದ್ದಾರೆ. ಮೊದಲನೆಯದು ಬರೀ ಲಯಬಿಲಿಟಿ, ಅಂದರೆ ನಮ್ಮಿಂದ ಬೇರೆಯವರಿಗಾದ ಹಾನಿಗೆ ಕೊಡುವುದು, 30/60/15 (ಈ ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ). ಎರಡನೆಯದು ಅದೇ 30/60/15ಕ್ಕೆ ನಮ್ಮ ಕಾರಿನ ಹಾನಿಗೆ ಕೊಡುವ ಕೊಲಿಷನ್, ಕಾಂಪ್ರಿಹೆನ್ಸಿವ್ ಎರಡೂ ಸೇರಿಸಿ 500 ಡಾಲರ್ ಡಿಡಕ್ಟಿಬಲ್ (ಹಾನಿಯಲ್ಲಿ ಮೊದಲು ನಮ್ಮ ಕೈಯಿಂದ ಹೋಗುವ ಪಾಲು). ಅದಕ್ಕೆ ಏಜೆಂಟ್ ಇಟ್ಟ ಹೆಸರು 'ಫುಲ್ ಕವರೇಜ್'. ಮೂರನೆಯದು 100/300/100 ಲಯಬಿಲಿಟಿ, ಕೊಲಿಷನ್ ಇಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ದುಡ್ಡು ಹೆಚ್ಚುಕಮ್ಮಿ ಒಂದೇ. 'ಫುಲ್ ಅಂದಮೇಲೆ ಅದೇ ಒಳ್ಳೆಯದಲ್ವಾ ಅಕ್ಕಾ' ಎಂದು ಕೇಳಿದ್ದೀರಿ.

ಅಲ್ಲ. ಮೂರನೆಯದನ್ನು ಹಿಡಿಯಿರಿ, ಅದಕ್ಕೆ ಎರಡು-ಮೂರು ಸಾಲು (ಕವರೇಜ್) ಸೇರಿಸಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಇಪ್ಪತ್ತು ವರ್ಷದಿಂದ ಫ್ರೀಮಾಂಟ್‌ನಲ್ಲಿದ್ದೇನೆ. ನಮ್ಮ ಕಡೆಯ ಹುಡುಗ ಹುಡುಗಿಯರು ಊರಿನಿಂದ ಬಂದ ಹೊಸದರಲ್ಲಿ ಇದೇ ಒಂದು ಜಾಗದಲ್ಲಿ ಎಡವುವುದನ್ನು ಮತ್ತೆಮತ್ತೆ ನೋಡಿದ್ದೇನೆ.

ನಾವು ಎಡವುವುದಕ್ಕೆ ಕಾರಣವಿದೆ. ಊರಿನಲ್ಲಿ ಕಾರಿನ ಇನ್ಶೂರೆನ್ಸ್ ಅಂದರೆ ನಮ್ಮ ತಲೆಯಲ್ಲಿ ಇರುವುದು ನಮ್ಮ ಕಾರು. ಐಡಿವಿ (ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) ಎಷ್ಟು, ಸವಕಳಿ ಕಳೆಯದ ಜೀರೋ ಡೆಪ್ ಇದೆಯಾ, ನೋ ಕ್ಲೇಮ್ ಬೋನಸ್ ಉಳಿದಿದೆಯಾ, ಮಾತೆಲ್ಲ ಅಷ್ಟೇ. ಥರ್ಡ್ ಪಾರ್ಟಿ ಅನ್ನುವುದು ಕಾನೂನಿಗಾಗಿ ಕಟ್ಟುವ ದುಡ್ಡು, ಅದರ ಬಗ್ಗೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ. ಯೋಚಿಸಬೇಕಾಗಿಯೂ ಇಲ್ಲ. ಭಾರತದಲ್ಲಿ ನಿಮ್ಮ ಕಾರಿನಿಂದ ಬೇರೆಯವರಿಗೆ ಸಾವು ಅಥವಾ ಗಾಯವಾದರೆ ಥರ್ಡ್ ಪಾರ್ಟಿ ಪಾಲಿಸಿಗೆ ಮೊತ್ತದ ಮಿತಿಯೇ ಇಲ್ಲ. ನ್ಯಾಯಮಂಡಳಿ ಎಷ್ಟು ಪರಿಹಾರ ಬರೆಯಿತೋ ಅಷ್ಟನ್ನು ಕಂಪನಿ ಕಟ್ಟುತ್ತದೆ. ಆಸ್ತಿಗೆ ಮಾತ್ರ 7.5 ಲಕ್ಷ ರೂಪಾಯಿಯ ಮಿತಿ.

ಇಲ್ಲಿ ಹಾಗಿಲ್ಲ. ಇಲ್ಲಿ ಮಿತಿಯನ್ನು ಆರಿಸುವವರು ನೀವು. 30/60/15 ಅಂದರೆ ತಪ್ಪು ನಿಮ್ಮದಾದಾಗ ಗಾಯಗೊಂಡ ಒಬ್ಬರಿಗೆ ಹೆಚ್ಚೆಂದರೆ 30 ಸಾವಿರ ಡಾಲರ್, ಎಷ್ಟೇ ಜನರಿದ್ದರೂ ಎಲ್ಲರಿಗೂ ಸೇರಿ 60 ಸಾವಿರ, ಅವರ ಕಾರು, ಕಾಂಪೌಂಡು, ಕಂಬ ಮುಂತಾದ ಆಸ್ತಿಗೆ 15 ಸಾವಿರ. ಅದರ ಮೇಲಿನದು ನಿಮ್ಮ ತಲೆಯ ಮೇಲೆ. ಇದು ಕ್ಯಾಲಿಫೋರ್ನಿಯಾದ ಕನಿಷ್ಠ ಮಿತಿ. 1967ರಿಂದ 2024ರ ಕೊನೆಯವರೆಗೂ ಅದು 15/30/5 ಆಗಿತ್ತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಂದು ಡಾಲರ್ ಕೂಡ ಏರಲಿಲ್ಲ! 2025ರ ಜನವರಿ 1ರಿಂದ 30/60/15 ಆಯಿತು, 2035ಕ್ಕೆ 50/100/25 ಆಗಲಿದೆ. ಕಾನೂನು ಹೇಳಿದ ಕನಿಷ್ಠ ಅಂದರೆ ರಸ್ತೆಗೆ ಇಳಿಯಲು ಬೇಕಾದ ಪರವಾನಗಿ ಅಷ್ಟೇ. ಅಷ್ಟರಲ್ಲಿ ನಿಮ್ಮ ಸಂಸಾರ ಉಳಿಯುತ್ತದೆ ಎಂದು ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ.

ಎಲ್ ಕಮೀನೊ ರಸ್ತೆಯಲ್ಲಿ ಸಂಜೆ ಆರು ಗಂಟೆ ಎಂದುಕೊಳ್ಳಿ. ಎಡಕ್ಕೆ ತಿರುಗುವಾಗ ಎದುರಿನಿಂದ ಬಂದ ಟೆಸ್ಲಾ ನಿಮ್ಮ ಕಣ್ಣು ತಪ್ಪಿತು. ಹೊಸಬರಿಗೆ ಇದು ಆಗುವಂಥದ್ದೇ. ಬಲಬದಿಯ ರಸ್ತೆಗೆ ಕಣ್ಣು ಒಗ್ಗಲು ಕಾಲ ಬೇಕು. ಆ ಕಾರಿನ ಬೆಲೆಯೇ 40 ಸಾವಿರ ದಾಟಿರಬಹುದು, ನಿಮ್ಮ ಪಾಲಿಸಿ 15 ಸಾವಿರಕ್ಕೆ ಕೈ ತೊಳೆದುಕೊಳ್ಳುತ್ತದೆ. ಒಳಗಿದ್ದವರಿಗೆ ಕಾಲು ಮುರಿದು ಶಸ್ತ್ರಚಿಕಿತ್ಸೆ ಆಯಿತೆನ್ನಿ. ಈ ದೇಶದ ಆಸ್ಪತ್ರೆ ಬಿಲ್ಲಿನ ಮುಂದೆ 30 ಸಾವಿರ ಕೆಲವೇ ದಿನಗಳ ಮಾತು. ಉಳಿದದ್ದಕ್ಕೆ ಅವರು ನಿಮ್ಮ ಮೇಲೆ ದಾವೆ ಹೂಡಬಹುದು. ತೀರ್ಪು ಬಂದರೆ ಸಂಬಳದ ಒಂದು ಪಾಲನ್ನು ನೇರವಾಗಿ ನೀವು ಕೆಲಸ ಮಾಡುವ ಕಂಪನಿಯಿಂದಲೇ ಹಿಡಿಸಬಹುದು. ಇಲ್ಲಿಯ ಹಣದ ತೀರ್ಪು 10 ವರ್ಷ ಜೀವಂತ, ಆಮೇಲೂ ನವೀಕರಿಸಿಕೊಳ್ಳಬಹುದು. ಎಚ್-1ಬಿ ವೀಸಾದಲ್ಲಿ ಈಗಷ್ಟೇ ಬದುಕು ಕಟ್ಟಲು ಬಂದವರಿಗೆ ಇದು ಹೊರಲಾಗದ ಹೊರೆ.

ಈಗ ನಿಮ್ಮ ಎರಡನೇ ಕೊಟೇಶನ್ನನ್ನು ಮತ್ತೆ ನೋಡಿ. ಅದರಲ್ಲಿ 'ಫುಲ್' ಆಗಿರುವುದು 8,500 ಡಾಲರ್‌ನ ನಿಮ್ಮ ಕೊರೊಲಾ. ಎದುರಿನವರಿಗೆ ಮಾಡಿದ ಹಾನಿಗೆ ಇರುವುದು ಅದೇ ಕನಿಷ್ಠ. ಕಾನೂನಿನಲ್ಲಾಗಲಿ ಪಾಲಿಸಿಯಲ್ಲಾಗಲಿ ಫುಲ್ ಕವರೇಜ್ ಎಂಬ ಹೆಸರಿನ ವಸ್ತುವೇ ಇಲ್ಲ, ಅದು ಬಾಯಿಮಾತು. ಕಾರು ಹೋದರೆ ಹೆಚ್ಚೆಂದರೆ 8,500 ಹೋಗುತ್ತದೆ. ದುಃಖವಾಗುತ್ತದೆ, ಆದರೆ ಒಂದು ವರ್ಷದಲ್ಲಿ ಮತ್ತೆ ಕೂಡಿಸಬಹುದು. ಲಯಬಿಲಿಟಿ ಸಾಲದೆ ಹೋದರೆ ಹೋಗುವುದಕ್ಕೆ ತಳವಿಲ್ಲ. ಇನ್ಶೂರೆನ್ಸಿಗೆ ಕೊಡುವ ದುಡ್ಡು ಮೊದಲು ಆ ತಳವಿಲ್ಲದ ಕಡೆಗೆ ಹೋಗಬೇಕು. ಮಿತಿಯನ್ನು ಮೂರು ಪಟ್ಟು ಏರಿಸಿದರೆ ಪ್ರೀಮಿಯಂ ಮೂರು ಪಟ್ಟು ಏರುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಏರುತ್ತದೆ. ಏಜೆಂಟರ ಹತ್ತಿರ 250/500/100ಕ್ಕೂ ಒಂದು ಲೆಕ್ಕ ಕೇಳಿ. ವ್ಯತ್ಯಾಸ ಕೈಗೆಟುಕುವಂತಿದ್ದರೆ ಅದನ್ನೇ ತೆಗೆದುಕೊಳ್ಳಿ. ಮುಂದೆ ಮನೆ ಕೊಂಡಾಗ ಕಾರಿನ ಪಾಲಿಸಿಯ ಮಿತಿ ಮುಗಿದ ಮೇಲೆ ಕೊಡುವ 10 ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿ ಬೇಕಾಗುತ್ತದೆ, ಅದನ್ನು ಕೊಡುವವರು ಕೆಳಗಿನ ಕಾರಿನ ಪಾಲಿಸಿ ಸಾಮಾನ್ಯವಾಗಿ ಆ ಮಟ್ಟದಲ್ಲಿರಲಿ ಅನ್ನುತ್ತಾರೆ.

ಇನ್ನು ಸೇರಿಸಬೇಕು ಎಂದೆನಲ್ಲ, ಅದರಲ್ಲಿ ಮೊದಲನೆಯದು ಅನ್‌ಇನ್ಶೂರ್ಡ್ ಮೋಟರಿಸ್ಟ್, ಅಂದರೆ ಗುದ್ದಿದವರಿಗೆ ಇನ್ಶೂರೆನ್ಸ್ ಇಲ್ಲದಾಗ ನಮ್ಮ ಗಾಯಕ್ಕೆ ಕೊಡುವುದು. ಕಾಗದದಲ್ಲಿ ಯುಎಂ ಎಂದು ಬರೆದಿರುತ್ತಾರೆ. ನಿಮ್ಮ ಮೂರೂ ಕೊಟೇಶನ್ನಿನಲ್ಲಿ ಅದರ ಎದುರು 'ರಿಜೆಕ್ಟೆಡ್' ಎಂದಿದೆ ಎಂದು ನೀವು ಹೇಳಿದಾಗ ನನಗೆ ನಮ್ಮ 2007 ನೆನಪಾಯಿತು.

ಆಗ ನಾವು ಬಂದು ನಾಲ್ಕು ವರ್ಷ. ಒಬ್ಬರ ಸಂಬಳ, ಬಾಡಿಗೆ ಮನೆ, ಮಗಳಿಗೆ ಒಂದೂವರೆ ವರ್ಷ. ಪಾಲಿಸಿ ಮಾಡಿಸುವಾಗ ತಿಂಗಳಿಗೆ ಕೆಲವು ಡಾಲರ್ ಉಳಿಯುತ್ತದೆ ಎಂದು ಒಂದು ಹಾಳೆ ಮುಂದಿಟ್ಟರು, ನಮ್ಮವರು ಸಹಿ ಹಾಕಿದರು. ಈ ಕವರೇಜ್ ಬೇಡ ಎಂದು ಬರೆದುಕೊಟ್ಟ ಹಾಳೆ ಅದು. ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಇದನ್ನು ಕೊಡಲೇಬೇಕು, ಬೇಡವೆಂದರೆ ನಾವೇ ಲಿಖಿತವಾಗಿ ಹೇಳಬೇಕು. ನಾವು ಹೇಳಿದ್ದೇವೆ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಆ ವರ್ಷ ನವೆಂಬರಿನ ಒಂದು ಸಂಜೆ ಹೇವರ್ಡ್ ಹತ್ತಿರ 880 ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಿತ್ತು, ನಮ್ಮವರೂ ನಿಂತಿದ್ದರು. ಹಿಂದಿನಿಂದ ಬಂದ ಪಿಕಪ್ ಟ್ರಕ್ ನಿಲ್ಲಲಿಲ್ಲ. ತಪ್ಪು ಪೂರ್ತಿ ಅವನದು, ಪೊಲೀಸ್ ವರದಿಯಲ್ಲೂ ಹಾಗೇ ಇತ್ತು. ಆದರೆ ಅವನಿಗೆ ಇನ್ಶೂರೆನ್ಸ್ ಇರಲಿಲ್ಲ.

ಕಾರಿಗೆ ಕೊಲಿಷನ್ ಇತ್ತು, ಡಿಡಕ್ಟಿಬಲ್ ಕಳೆದು ರಿಪೇರಿ ಆಯಿತು. ನಮ್ಮವರ ಕುತ್ತಿಗೆ ಮತ್ತು ಬೆನ್ನಿಗಾದ ಪೆಟ್ಟಿಗೆ ಮಾತ್ರ ಯಾವ ಕವರೇಜೂ ಇರಲಿಲ್ಲ. ಏಳು ವಾರ ಕೆಲಸಕ್ಕೆ ಹೋಗಲಾಗಲಿಲ್ಲ. ಫಿಸಿಯೋಥೆರಪಿ ಎಂಟು ತಿಂಗಳು ನಡೆಯಿತು. ಆಫೀಸಿನ ಆರೋಗ್ಯ ವಿಮೆ ಇದ್ದರೂ ಪ್ರತಿ ಸಲ ಕೈಯಿಂದ ಕೊಡಬೇಕಾದ ಪಾಲು ಇದ್ದೇ ಇತ್ತು. ವಕೀಲರನ್ನು ಕಂಡೆವು. ಅವರು ಒಳ್ಳೆಯ ಮನುಷ್ಯ, ಫೀಸು ತೆಗೆದುಕೊಳ್ಳದೆ ನೇರವಾಗಿ ಹೇಳಿದರು: 'ದಾವೆ ಗೆಲ್ಲುತ್ತೀರಿ, ಆದರೆ ಅವನ ಹತ್ತಿರ ಕೊಡುವುದಕ್ಕೆ ಏನೂ ಇಲ್ಲ.' ಯುಎಂ ಇದ್ದಿದ್ದರೆ ಅವನು ಕೊಡಬೇಕಾಗಿದ್ದ ಜಾಗದಲ್ಲಿ ನಮ್ಮ ಕಂಪನಿಯೇ ನಿಂತು ವೈದ್ಯರ ಖರ್ಚು, ಕಳೆದ ಸಂಬಳ, ಪಟ್ಟ ನೋವು ಎಲ್ಲಕ್ಕೂ ಮಿತಿಯವರೆಗೆ ಕೊಡುತ್ತಿತ್ತು. ಇವತ್ತಿಗೂ ಚಳಿಗಾಲದಲ್ಲಿ ಬೆಳಿಗ್ಗೆ ಎದ್ದಾಗ ಅವರು ಕುತ್ತಿಗೆ ಹಿಡಿದುಕೊಳ್ಳುವುದನ್ನು ನೋಡಿದರೆ ನನಗೆ ಆ ಹಾಳೆ ಕಣ್ಣಿಗೆ ಬರುತ್ತದೆ.

ಹಾಗಾಗಿ ಯುಎಂ ಬೇಕು, ಅದೂ ನಿಮ್ಮ ಲಯಬಿಲಿಟಿಯ ಮಟ್ಟದಲ್ಲೇ ಬೇಕು ಎಂದು ಹೇಳಿ. ಇದರ ಜೊತೆಗೇ ಬರುವ ಅಂಡರ್‌ಇನ್ಶೂರ್ಡ್ ಭಾಗದ ಬಗ್ಗೆ ಇಲ್ಲಿನ ಒಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಗುದ್ದಿದವರ ಹತ್ತಿರ ಪಾಲಿಸಿ ಇದೆ, ಆದರೆ ಸಾಲದು ಎಂದಾಗ ನಿಮ್ಮ ಯುಎಂ ಮೊತ್ತದಿಂದ ಅವರ ಪಾಲಿಸಿ ಕೊಟ್ಟದ್ದನ್ನು ಕಳೆದು ಉಳಿದದ್ದಕ್ಕೆ ಮಾತ್ರ ನಿಮ್ಮ ಕಂಪನಿ ಹೊಣೆ. ಅವರದೂ 30, ನಿಮ್ಮದೂ 30 ಆಗಿದ್ದರೆ ಕಳೆದು ಉಳಿಯುವುದು ಸೊನ್ನೆ. ನಿಮ್ಮದು 100 ಇದ್ದರೆ ಅವರ 30ರ ಮೇಲೆ ಇನ್ನೂ 70 ಸಾವಿರದವರೆಗೆ ದಾರಿ ಇರುತ್ತದೆ. ಗುದ್ದಿ ಓಡಿಹೋದವರ ವಿಷಯದಲ್ಲೂ ಯುಎಂ ಕೆಲಸಕ್ಕೆ ಬರುತ್ತದೆ, ಆದರೆ ಆ ವಾಹನ ನಿಮಗೆ ಅಥವಾ ನಿಮ್ಮ ಕಾರಿಗೆ ತಾಗಿರಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿರಬೇಕು. ಕೊಲಿಷನ್ ಬಿಡುತ್ತಿರುವುದರಿಂದ ಯುಎಂಪಿಡಿ ಎಂಬ ಇನ್ನೊಂದು ಸಣ್ಣ ಸಾಲನ್ನೂ ಸೇರಿಸಿ. ಇನ್ಶೂರೆನ್ಸ್ ಇಲ್ಲದವರು ಗುದ್ದಿದರೆ ಕಾರಿನ ಹಾನಿಗೆ 3,500 ಡಾಲರ್‌ವರೆಗೆ ಕೊಡುತ್ತದೆ, ಗುದ್ದಿದ್ದು ಯಾರು ಎಂದು ಗುರುತು ಸಿಗಬೇಕು ಅಷ್ಟೇ.

ಎರಡನೆಯದು ಮೆಡಿಕಲ್ ಪೇಮೆಂಟ್ಸ್. ನಿಮಗೆ ಆಫೀಸಿನ ಆರೋಗ್ಯ ವಿಮೆ ಇದೆ, ನಿಮಗಾಗಿ ಇದನ್ನು ಹೇಳುತ್ತಿಲ್ಲ. ಬೇಸಿಗೆಗೆ ಅಪ್ಪ ಅಮ್ಮ ಬರುತ್ತಾರೆ ಎಂದು ಬರೆದಿದ್ದೀರಿ, ಅದಕ್ಕಾಗಿ. ಈ ಸಾಲು ತಪ್ಪು ಯಾರದೇ ಆಗಲಿ, ನಿಮ್ಮ ಕಾರಿನಲ್ಲಿ ಕೂತಿದ್ದವರ ಚಿಕಿತ್ಸೆಗೆ ಮಿತಿಯವರೆಗೆ ಕೊಡುತ್ತದೆ. ಊರಿನಿಂದ ತಂದ ಪ್ರವಾಸಿ ವಿಮೆ ಏನು ಕೊಡುತ್ತದೆ, ಹಳೆಯ ಕಾಯಿಲೆ ಎಂದು ಯಾವುದನ್ನು ಬಿಡುತ್ತದೆ ಎನ್ನುವ ಜಗಳ ಆಮೇಲಿನದು. ನಮ್ಮತ್ತೆ ಹಿಂದಿನ ಸೀಟಿನಲ್ಲಿದ್ದಾಗ ಸಣ್ಣದೊಂದು ಡಿಕ್ಕಿಯಾಯಿತು. ಎದೆ ನೋವು ಎಂದರು, ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ಏನೂ ಆಗಿರಲಿಲ್ಲ, ಸೀಟ್‌ಬೆಲ್ಟ್ ಬಿಗಿದ ನೋವು. ಬಿಲ್ಲು ಮಾತ್ರ ಏನೋ ಆಗಿದ್ದರೆ ಬರಬಹುದಾದಂಥದ್ದೇ ಬಂತು. ಆ ಹೊತ್ತಿಗೆ ನಮ್ಮ ಪಾಲಿಸಿಯಲ್ಲಿ ಈ ಸಾಲಿತ್ತು, ಅದರಿಂದ ತೀರಿತು. 5 ಸಾವಿರವೋ 10 ಸಾವಿರವೋ, ಎಷ್ಟು ಸಿಗುತ್ತದೋ ಅಷ್ಟು ಹಾಕಿಸಿ. ವಯಸ್ಸಾದವರನ್ನು ಯೊಸೆಮಿಟಿಗೂ ಟಾಹೋಗೂ ಕರೆದುಕೊಂಡು ಹೋಗುವ ಕಾರು ಅದು.

ಇನ್ನು ನಿಮ್ಮ ಕಾರು. ಕೊಲಿಷನ್ ಅಂದರೆ ಗುದ್ದಿದಾಗ ಅಥವಾ ಮಗುಚಿದಾಗ ನಿಮ್ಮ ಕಾರಿಗಾಗುವ ಹಾನಿ. ಕಾಂಪ್ರಿಹೆನ್ಸಿವ್ ಅಂದರೆ ಕಳವು, ಬೆಂಕಿ, ನೀರು, ಮೇಲೆ ಬಿದ್ದ ಮರ, ಅಡ್ಡ ಬಂದ ಜಿಂಕೆ, ಒಡೆದ ಗಾಜು. ಕಾಂಪ್ರಿಹೆನ್ಸಿವ್ ಒಂದನ್ನೇ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಅದು ಅಗ್ಗ, ಮತ್ತು ಬೇ ಏರಿಯಾದಲ್ಲಿ ಕಿಟಕಿ ಒಡೆಯುವುದೂ ಕಾರಿನಡಿಯ ಕೆಟಲಿಟಿಕ್ ಕನ್ವರ್ಟರ್ ಕೊಯ್ದುಕೊಂಡು ಹೋಗುವುದೂ ಅಪರೂಪವಲ್ಲ. ಸಾಲದ ಮೇಲೆ ಅಥವಾ ಲೀಸಿನ ಮೇಲೆ ಕಾರು ತಂದವರಿಗೆ ಈ ಆಯ್ಕೆ ಇಲ್ಲ, ಬ್ಯಾಂಕು ಎರಡನ್ನೂ ಕೇಳುತ್ತದೆ. ನಿಮಗೆ ಆ ಕಟ್ಟಿಲ್ಲ. ಕಾರು ಪೂರ್ತಿ ಹೋದರೆ ಕಂಪನಿ ಕೊಡುವುದು ನೀವು ಕೊಟ್ಟ ಬೆಲೆಯನ್ನಲ್ಲ, ಆ ದಿನ ಅಂಥ ಕಾರಿಗೆ ಮಾರುಕಟ್ಟೆಯಲ್ಲಿರುವ ಬೆಲೆ ಮೈನಸ್ ಡಿಡಕ್ಟಿಬಲ್. ಊರಿನ ಐಡಿವಿಯ ಹಾಗೆ ಮೊದಲೇ ಬರೆದಿಟ್ಟ ಅಂಕಿ ಇರುವುದಿಲ್ಲ. ಎರಡು ಮೂರು ವರ್ಷ ಕಟ್ಟುವ ಕೊಲಿಷನ್ ಪ್ರೀಮಿಯಂ ಕೂಡಿಸಿ ಕೊರೊಲಾದ ಬೆಲೆಯ ಪಕ್ಕ ಇಟ್ಟು ನೋಡಿ, ನಾನು ಯಾಕೆ ಬಿಡಿ ಎಂದೆ ಎಂದು ಕಾಣುತ್ತದೆ.

ಕಾರಿನೊಳಗೆ ಇಟ್ಟ ಲ್ಯಾಪ್‌ಟಾಪು, ಬ್ಯಾಗು ಇವಕ್ಕೆ ಕಾರಿನ ಪಾಲಿಸಿ ಒಂದು ಪೈಸೆ ಕೊಡುವುದಿಲ್ಲ. ಅದು ಬಾಡಿಗೆ ಮನೆಯವರು ಮಾಡಿಸುವ ರೆಂಟರ್ಸ್ ಇನ್ಶೂರೆನ್ಸಿನಿಂದ ಬರಬೇಕು. ಎರಡನ್ನೂ ಒಂದೇ ಕಂಪನಿಯಲ್ಲಿ ಮಾಡಿಸಿದರೆ ರಿಯಾಯಿತಿಯೂ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ ದಿನ ಪಾಸ್‌ಪೋರ್ಟನ್ನು ಮಾತ್ರ ದಯವಿಟ್ಟು ಕಾರಿನಲ್ಲಿ ಬಿಡಬೇಡಿ, ವೀಸಾದವರಿಗೆ ಅದಕ್ಕಿಂತ ದೊಡ್ಡ ಪೇಚಾಟ ಇನ್ನೊಂದಿಲ್ಲ.

ಯಾರೋ ನಿಮಗೆ 'ಕ್ರೆಡಿಟ್ ಸ್ಕೋರ್ ಇಲ್ಲ, ಅದಕ್ಕೇ ಪ್ರೀಮಿಯಂ ಇಷ್ಟು' ಎಂದರಂತೆ. ಟೆಕ್ಸಾಸಿನಲ್ಲಾದರೆ ಆ ಮಾತು ನಿಜ. ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಪ್ರೀಮಿಯಂಗೆ ಕ್ರೆಡಿಟ್ ಸ್ಕೋರ್ ಬಳಸುವಂತಿಲ್ಲ. 1988ರಲ್ಲಿ ಇಲ್ಲಿನ ಜನ ಮತ ಹಾಕಿ ತಂದ ಪ್ರೊಪೊಸಿಷನ್ 103ರ ಪ್ರಕಾರ ಮುಖ್ಯವಾಗಿ ನೋಡಬೇಕಾದದ್ದು ಮೂರು: ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಎಷ್ಟು ವರ್ಷದ ಅನುಭವ. ಮೂರನೆಯದರಲ್ಲಿ ನಿಮಗೆ ಪೆಟ್ಟು ಬೀಳುತ್ತಿದೆ. ಮೂರು ವರ್ಷ ಲೈಸೆನ್ಸ್ ಇದ್ದು ದಾಖಲೆ ಚೊಕ್ಕಟವಾಗಿದ್ದರೆ ಕನಿಷ್ಠ ಶೇ. 20ರ ಗುಡ್ ಡ್ರೈವರ್ ರಿಯಾಯಿತಿ ಕಾನೂನೇ ಕೊಡಿಸುತ್ತದೆ, ಅಲ್ಲಿಯವರೆಗೆ ಸ್ವಲ್ಪ ತಡೆದುಕೊಳ್ಳಬೇಕು. ನಿಮ್ಮ ಭಾರತದ ಲೈಸೆನ್ಸಿನ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರಾ ಎಂದು ಪ್ರತಿ ಕಂಪನಿಯನ್ನೂ ಕೇಳಿ, ಹಳೆಯ ಕಾರ್ಡನ್ನು ಜೋಪಾನವಾಗಿಡಿ. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರು ನೀವು. ಮೈಲಿಯ ಅಂದಾಜನ್ನು ಏಜೆಂಟ್ ತಮ್ಮಷ್ಟಕ್ಕೆ 12 ಸಾವಿರ ಎಂದು ಬರೆದಿದ್ದರೆ ತಿದ್ದಿಸಿ. ನಿಜವಾದ ಅಂಕಿಯನ್ನೇ ಕೊಡಿ, ಕಡಿಮೆ ಹೇಳಿ ಸಿಕ್ಕಿಬೀಳುವುದು ಬೇಡ.

ನಿಮ್ಮ ಮನೆಯವರು ಎಚ್-4 (ಸಂಗಾತಿಯ ವೀಸಾ) ಮೇಲೆ ಬಂದು ಕಲಿಕಾ ಪರವಾನಗಿ ತೆಗೆದ ದಿನವೇ ಕಂಪನಿಗೆ ಹೇಳಿ, ಹೆಸರು ಸೇರಿಸಿ. ದುಡ್ಡು ಉಳಿಯಲಿ ಎಂದು ಅವರನ್ನು 'ಎಕ್ಸ್‌ಕ್ಲೂಡ್' ಮಾಡುವ, ಅಂದರೆ ಪಾಲಿಸಿಯಿಂದ ಹೊರಗಿಡುವ ಹಾಳೆಗೆ ಸಹಿ ಹಾಕಿದರೆ, ಅವರು ಹತ್ತಿರದ ಅಂಗಡಿಗೆ ಹಾಲು ತರಲು ಕಾರು ತೆಗೆದರೂ ಆ ಹೊತ್ತಿಗೆ ನಿಮ್ಮ ಹತ್ತಿರ ಪಾಲಿಸಿಯೇ ಇಲ್ಲ ಎಂದರ್ಥ. ಕೈಗೆ ಬಂದ ಪ್ರತಿ ಹಾಳೆಯ ತಲೆಬರಹವನ್ನಾದರೂ ಓದಿಯೇ ಸಹಿ ಹಾಕಿ.

ಊರಿಗೆ ಎರಡು ತಿಂಗಳು ಹೋಗುವಾಗ ಪಾಲಿಸಿ ನಿಲ್ಲಿಸಿ ದುಡ್ಡು ಉಳಿಸುವ ಯೋಚನೆ ಹೊಸಬರಿಗೆಲ್ಲ ಬರುತ್ತದೆ. ಇಲ್ಲಿ ಪಾಲಿಸಿ ನಿಂತರೆ ಕಂಪನಿಯೇ ಡಿಎಂವಿಗೆ (ನಮ್ಮ ಆರ್‌ಟಿಒ ಇದ್ದ ಹಾಗೆ) ತಿಳಿಸುತ್ತದೆ, ಕಾರಿನ ನೋಂದಣಿ ಅಮಾನತಾಗುತ್ತದೆ. ಕಾರು ರಸ್ತೆಗೆ ಬರುವುದೇ ಇಲ್ಲ ಎಂದು ಡಿಎಂವಿಗೆ ಮೊದಲೇ ಬರೆದುಕೊಡುವ ದಾರಿ ಇದೆ, ಆದರೆ ಬಹಳ ಸಲ ಸುಮ್ಮನೆ ಮುಂದುವರಿಸುವುದೇ ನೆಮ್ಮದಿ. ಇನ್ಶೂರೆನ್ಸ್ ಇಲ್ಲದೆ ಓಡಿಸುವಾಗ ಯಾರಾದರೂ ಬಂದು ಗುದ್ದಿದರೆ, ತಪ್ಪು ನೂರಕ್ಕೆ ನೂರು ಅವರದಾದರೂ ಪಟ್ಟ ನೋವಿಗೆ ನಿಮಗೆ ಪರಿಹಾರ ಕೇಳುವ ಹಕ್ಕಿಲ್ಲ. 1996ರಿಂದ ಇಲ್ಲಿನ ಕಾನೂನು ಹಾಗಿದೆ.

ಏನಾದರೂ ಆದರೆ ಮಾಡುವುದನ್ನೂ ಕೇಳಿದ್ದೀರಿ. ಪೆಟ್ಟಾಗಿದ್ದರೆ ಮೊದಲು 911. ಎದುರಿನವರ ಲೈಸೆನ್ಸ್, ಇನ್ಶೂರೆನ್ಸ್ ಕಾರ್ಡ್, ನಂಬರ್ ಪ್ಲೇಟು, ನಿಂತ ಜಾಗ ಎಲ್ಲದರ ಫೋಟೋ ತೆಗೆಯಿರಿ. ಊರಿನಲ್ಲಿ ಮಾಡುವ ಹಾಗೆ ರಸ್ತೆಯಲ್ಲೇ ದುಡ್ಡು ಕೊಟ್ಟು ಮುಗಿಸುವ ರಾಜಿಗೆ ಹೋಗಬೇಡಿ, ತಪ್ಪು ನನ್ನದೇ ಎಂದು ಅಲ್ಲೇ ತೀರ್ಮಾನವನ್ನೂ ಹೇಳಬೇಡಿ. ಯಾರಿಗಾದರೂ ಗಾಯವಾಗಿದ್ದರೆ ಅಥವಾ ಹಾನಿ 1,000 ಡಾಲರ್ ದಾಟಿದ್ದರೆ, ತಪ್ಪು ಯಾರದೇ ಇರಲಿ, 10 ದಿನದೊಳಗೆ ಎಸ್ಆರ್-1 ಎಂಬ ಅರ್ಜಿಯನ್ನು ಡಿಎಂವಿಗೆ ತಲುಪಿಸಬೇಕು. ಪೊಲೀಸರು ಬಂದು ಬರೆದುಕೊಂಡರು ಎಂದ ಮಾತ್ರಕ್ಕೆ ಇದು ಮುಗಿಯುವುದಿಲ್ಲ.

ಕೊನೆಯದಾಗಿ ಶನಿವಾರದ ವಿಷಯ. ಊರಿನಲ್ಲಿ ಹಳೆಯ ಕಾರು ಕೊಂಡರೆ ಥರ್ಡ್ ಪಾರ್ಟಿ ಪಾಲಿಸಿ ಕಾರಿನ ಜೊತೆಯಲ್ಲೇ ಬರುತ್ತದೆ, ಆಮೇಲೆ ಹೆಸರು ಬದಲಾಯಿಸಿಕೊಳ್ಳುತ್ತೇವೆ. ಇಲ್ಲಿ ಮಾರಿದವರ ಪಾಲಿಸಿ ಅವರ ಜೊತೆಗೇ ಹೋಗುತ್ತದೆ. ಅವರ ಮನೆಯಿಂದ ನಿಮ್ಮ ಮನೆಗೆ ಎರಡು ಮೈಲಿಯೇ ಇರಬಹುದು, ಆದರೂ ಶುಕ್ರವಾರ ಸಂಜೆಯೊಳಗೆ ಕಾರಿನ ವಿಐಎನ್ (ಪ್ರತಿ ಕಾರಿಗೂ ಇರುವ ಗುರುತಿನ) ನಂಬರ್ ಏಜೆಂಟರಿಗೆ ಕೊಟ್ಟು, ಶನಿವಾರದ ದಿನಾಂಕದಿಂದ ಪಾಲಿಸಿ ಶುರುಮಾಡಿಸಿ, ಕಾರ್ಡು ಫೋನಿಗೆ ಬಂದಮೇಲೇ ಕೀಲಿ ತೆಗೆದುಕೊಳ್ಳಿ. ಸಹಿ ಹಾಕುವ ಮೊದಲು, ಕವರೇಜು ಮತ್ತು ಮಿತಿಗಳ ಪಟ್ಟಿ ಇರುವ ಡಿಕ್ಲರೇಶನ್ಸ್ ಪುಟದ ಫೋಟೋ ನನಗೆ ಕಳಿಸಿ. ಯುಎಂ ಸಾಲಿನ ಎದುರು 'ರಿಜೆಕ್ಟೆಡ್' ಎಂದು ಇನ್ನೂ ಇದೆಯಾ ಅಂತ ನಾನೂ ಒಮ್ಮೆ ನೋಡುತ್ತೇನೆ.